ಶಿಕ್ಷೆಯಾದವರಿಗಷ್ಟೇ ರಕ್ಷೆ

ಒಂದೇ ಅಪರಾಧಕ್ಕೆ ಯಾರನ್ನೂ ಎರಡು ಸಲ ವಿಚಾರಣೆ ನಡೆಸಿ ದಂಡಿಸುವಂತಿಲ್ಲ ಎಂದು ನಮ್ಮ ಸಂವಿಧಾನದ 20(2)ನೇ ವಿಧಿ ಅಭಯ ಕೊಟ್ಟಿದೆ. ಅಭಯಕ್ಕೆ ಅರ್ಹತೆ ಏನೆಂದು ಕೇಳುತ್ತೀರಾ? ಮೊದಲ ಸಲ ಶಿಕ್ಷೆಯಾಗಿರಬೇಕು. ವರ್ಷಗಟ್ಟಲೆ ವಾಯಿದೆಗೆ ಅಲೆದು ಕೊನೆಗೆ ನಿರಪರಾಧಿ ಎನಿಸಿಕೊಂಡ ಪುಣ್ಯಾತ್ಮನಿಗೆ ಈ ಮೂಲಭೂತ ಹಕ್ಕಿನ ಸಾಲಿನಲ್ಲಿ ಜಾಗವಿಲ್ಲ. ಅವನು ಪಕ್ಕದ ಕೌಂಟರಿಗೆ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಸೆಕ್ಷನ್ನಿಗೆ ಹೋಗಬೇಕು. 2024ರ ಜುಲೈನಿಂದ ಅಲ್ಲಿನ ಬೋರ್ಡು ಬದಲಾಗಿದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸೆಕ್ಷನ್ 337. ಷರತ್ತು ಮಾತ್ರ ಹಳೆಯದೇ. ‘ಇದರಲ್ಲಿ ಹುರುಳಿಲ್ಲ’ ಎಂದು ಆರೋಪ ಹೊರಿಸುವ ಮೊದಲೇ ನ್ಯಾಯಾಧೀಶರು ಕೈಬಿಟ್ಟಿದ್ದರೆ ಅದು ಖುಲಾಸೆಯಲ್ಲ. ಆದ್ದರಿಂದ ನಿಮ್ಮ ಮೇಲಿನ ಕೇಸು ತೀರಾ ಪೊಳ್ಳಾಗಿರದಂತೆ ನೋಡಿಕೊಳ್ಳಿ.

ಹೋಗಲಿ, ಶಿಕ್ಷೆಯೇ ಆಯಿತೆನ್ನಿ. ಕೊಟ್ಟವರು ಯಾರು? 1949ರ ನವೆಂಬರಿನಲ್ಲಿ ಮಕ್ಬೂಲ್ ಹುಸೇನ್ ಎಂಬವರು ಜೆಡ್ಡಾದಿಂದ ಬಂದು ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಇಳಿದರು. ಅವರ ಬಳಿ 107.2 ತೊಲ ಚಿನ್ನ ಸಿಕ್ಕಿತು. ಸುಂಕದ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡು, ಬೇಕಿದ್ದರೆ ನಾಲ್ಕು ತಿಂಗಳೊಳಗೆ 12,000 ರೂಪಾಯಿ ದಂಡ ಕಟ್ಟಿ ಬಿಡಿಸಿಕೊಳ್ಳಿ ಎಂದರು. ಯಾರೂ ಬರಲಿಲ್ಲ. ಗಡುವು ಮುಗಿಯುವ ಮೊದಲೇ, ಅದೇ ಚಿನ್ನಕ್ಕೆ ವಿದೇಶಿ ವಿನಿಮಯ ಕಾಯ್ದೆಯಡಿ ಕ್ರಿಮಿನಲ್ ದೂರು ಬಿತ್ತು. ಸುಂಕದ ಕಚೇರಿ ನ್ಯಾಯಾಲಯವಲ್ಲ, ಆದ್ದರಿಂದ ಮೊದಲ ಸಲ ನಡೆದದ್ದು ವಿಚಾರಣೆಯೇ ಅಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಚಿನ್ನ ಹೋದದ್ದು ನಿಜ, ದಂಡನೆಯಾದದ್ದು ಸುಳ್ಳು! (ಕಳ್ಳಸಾಗಣೆದಾರರು ಮಾಲು ಬಿಟ್ಟುಕೊಟ್ಟು ಜೈಲು ತಪ್ಪಿಸಿಕೊಳ್ಳಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ.) ಮರುವರ್ಷ ಇನ್ನೊಂದು ಪ್ರಕರಣದಲ್ಲಿ, ಇಲಾಖಾ ವಿಚಾರಣೆಯಾಗಿ ನೌಕರಿಯಿಂದ ವಜಾ ಆದವರಿಗೂ ಇದೇ ಉತ್ತರ ದೊರೆಯಿತು.

ಈ ಶಾಸ್ತ್ರದ ಪರಾಕಾಷ್ಠೆ ಕಾಣಬೇಕಾದರೆ ಚೆಕ್ ಬೌನ್ಸ್ ಪ್ರಕರಣಗಳಿಗೆ ಬರಬೇಕು. ‘ಖಾತೆಯಲ್ಲಿ ಹಣ ಸಾಲದು’ ಎಂಬ ಚೀಟಿಯೊಂದಿಗೆ ಬ್ಯಾಂಕಿನಿಂದ ಹಿಂದಿರುಗಿದ ಒಂದೇ ಒಂದು ಚೆಕ್ಕಿಗೆ ಎರಡು ಕೇಸು ಹಾಕಬಹುದು: ಚೆಕ್ ವ್ಯವಹಾರದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನಡಿ ಒಂದು, ವಂಚನೆಯೆಂದು ಭಾರತೀಯ ದಂಡ ಸಂಹಿತೆಯ 420ರಡಿ (2024ರ ಜುಲೈನಿಂದ ಇಲ್ಲಿಯೂ ಬೋರ್ಡು ಬದಲು: ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 318(4)) ಇನ್ನೊಂದು. 138ರ ವಿಚಾರಣೆ ಮುಗಿದ ಮೇಲೆ 420 ನಡೆಯಬಹುದೇ? ಸಂಗತಿ ಒಂದೇ ಆದ್ದರಿಂದ ಕೂಡದು ಎಂದಿತು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ, 2011ರಲ್ಲಿ. ವಂಚನೆಗೆ ದುರುದ್ದೇಶ ಸಾಬೀತಾಗಬೇಕು, ಚೆಕ್ ಬೌನ್ಸಿಗೆ ಬೇಕಿಲ್ಲ, ಹಾಗಾಗಿ ಧಾರಾಳವಾಗಿ ನಡೆಯಲಿ ಎಂದಿತು ಮತ್ತೊಂದು ದ್ವಿಸದಸ್ಯ ಪೀಠ, 2012ರಲ್ಲಿ. 2022ರಲ್ಲಿ ಮೂರನೆಯ ಪೀಠ ಎರಡನ್ನೂ ಓದಿ, ದೊಡ್ಡ ಪೀಠವೇ ಬಗೆಹರಿಸಲಿ ಎಂದು ಕೈಮುಗಿಯಿತು. ಎರಡು ಸಲ ವಿಚಾರಣೆ ಸಲ್ಲದೆಂಬ ತತ್ವಕ್ಕೆ ಹೀಗೆ ನಾಲ್ಕನೆಯ ಸಲ ಕಟಕಟೆ ಹತ್ತುವ ಯೋಗ ಬಂತು.

ಚೆಕ್ ಬರೆದವರು ಎರಡೂ ಕಡೆ ಹಾಜರಾಗುತ್ತಿರಲಿ. ಎರಡು ವಾಯಿದೆಯೂ ಒಂದೇ ದಿನ ಬಿದ್ದರೆ ವಕೀಲರು ಒಂದು ಕಡೆ ಹಾಜರಾತಿ ವಿನಾಯಿತಿಗೆ ಅರ್ಜಿ ಹಾಕಿಕೊಡುತ್ತಾರೆ. ಅದರ ಫೀಸು ಬೇರೆ, ಚೆಕ್ ನಡೆಯುವುದಿಲ್ಲ.