ಗಾಡಿ ಹೋಯ್ತು, ಹೆಸರು ಉಳೀತು

ಹಳೇ ಗಾಡಿ ಕೊಳ್ಳುವವನಿಗೆ ಬುದ್ಧಿ ಹೇಳಲಿಕ್ಕೆ ಬೆಳಗಾವಿಯಲ್ಲಿ ಪ್ರತಿ ಚಹಾದಂಗಡಿಗೂ ಒಬ್ಬ ಇದ್ದಾನೆ. ಮಾರುವವನಿಗೆ ಹೇಳುವವರು ಯಾರೂ ಇಲ್ಲ. ರೊಕ್ಕ ಎಣಿಸಿಕೊಂಡ, ಕೀಲಿ ಕೊಟ್ಟ, ಅಲ್ಲಿಗೆ ಅವನ ಕೆಲಸ ಮುಗೀತು ಅಂತ ಲೆಕ್ಕ. ನನ್ನ ಲೆಕ್ಕವೂ ಅದೇ ಇತ್ತು.

ನನ್ನ ಕೆಎ-22 ಬೈಕನ್ನು ಓಣಿಯ ಕಾಕಾ ಒಬ್ಬರಿಗೇ ಕೊಟ್ಟೆ. ಆರ್‌ಸಿಯಲ್ಲಿ ಹೆಸರು ಬದಲಿಸಲಿಕ್ಕೆ ಬೇಕಾದ ಫಾರಂ 29, ಫಾರಂ 30 ಎರಡಕ್ಕೂ ಕೆಳಗೆ ಸಹಿ ಹಾಕಿ, ಮೇಲಿನದೆಲ್ಲ ಖಾಲಿ ಬಿಟ್ಟೆ. ನಮ್ಮ ಕಡೆ ರೂಢಿಯೇ ಹಾಗೆ. “ಹೆಸರು ಯಾವಾಗ ಮಾಡಿಸ್ಕೋತೀರಿ ಕಾಕಾ?” ಅಂದೆ. “ಏ ತಮ್ಮಾ, ನಾ ಏನ್ ಊರು ಬಿಟ್ಟು ಓಡಿ ಹೋಗ್ತೀನೇನು? ಮುಂದಿನ ವಾರ ಆರ್‌ಟಿಓಕ್ಕ ಹೋಗೂದೈತಿ” ಅಂದರು.

ಎರಡು ವರ್ಷದ ಮೇಲೆ ಬಂದದ್ದು ಕೋರ್ಟಿನ ನೋಟಿಸು. ಗೋಕಾಕ ರಸ್ತೆಯಲ್ಲಿ ಅದೇ ಬೈಕು ಒಬ್ಬರಿಗೆ ಬಡಿದಿತ್ತು, ಅವರ ಕಾಲು ಮುರಿದಿತ್ತು, ಇನ್ಶೂರೆನ್ಸ್ ಯಾವಾಗಲೋ ಮುಗಿದಿತ್ತು. ಓಡಿಸಿದವನ ಮುಖವನ್ನೇ ನಾನು ನೋಡಿಲ್ಲ. ಕಾಕಾ ಅದನ್ನ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಿದ್ದರು. ನನ್ನ ಸಹಿ ಇದ್ದ ಖಾಲಿ ಫಾರಂಗಳೂ ಗಾಡಿಯ ಜೊತೆಗೇ ಊರೂರು ತಿರುಗಿದ್ದವು.

“ಬಾಂಡ್ ಮೇಲೆ ಬರೆಸಿಕೊಂಡೀನ್ರೀ” ಅಂತ ವಕೀಲರ ಮುಂದೆ ಬಹಳ ಧೈರ್ಯದಿಂದ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, “ಇದು ನಿಮ್ಮ ಕಾಕಾನ ಜೋಡಿ ಜಗಳಾಡಾಕ ಬರ್ತೈತಿ. ಕಾಲು ಮುರಕೊಂಡವರ ಮುಂದ ನಡೆಯೂದಿಲ್ಲ” ಅಂದರು. ಆರ್‌ಸಿಯಲ್ಲಿ ಯಾರ ಹೆಸರೋ ಕಾನೂನಿಗೆ ಅವನೇ ಮಾಲೀಕ. ಹಲವು ಕೈ ದಾಟಿದ ಗಾಡಿಯೊಂದರ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಮೋಟಾರು ವಾಹನ ಕಾಯ್ದೆಯ ಕಲಂ 50 ಓದಿದ್ದು ಆಮೇಲೆ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಮಾರಿದವನೇ ಆರ್‌ಟಿಓಗೆ ತಿಳಿಸಬೇಕು, ಬೇರೆ ರಾಜ್ಯಕ್ಕಾದರೆ 45 ದಿನ. ಕೊಂಡವನಿಗೆ 30 ದಿನ. ಫಾರಂ 29 ಅಂದರೆ ನಾನು ಕೊಡಬೇಕಾದ ವರದಿ, ಅದನ್ನ ಕಾಕಾನ ಕಿಸೆಗೆ ಹಾಕಿ ಕಳಿಸಿದವನೂ ನಾನೇ. ಹೆಸರು ಬದಲಾಗುವುದು ಕೊಂಡವನಿಗಿಂತ ಮಾರಿದವನಿಗೆ ಹೆಚ್ಚು ಬೇಕು ಅಂತ ನಾನು ಈಗ ಸಿಕ್ಕವರ ಮುಂದೆಲ್ಲ ಹೇಳ್ತೀನಿ. ಅರ್ಧ ಜನ ಮೊಬೈಲ್ ನೋಡ್ತಿರ್ತಾರೆ, ಇರಲಿ.

ಈ ವರ್ಷ ನಾನು ಕೊಳ್ಳುವ ಕಡೆ ನಿಂತೆ. ಕೊಲ್ಹಾಪುರದ ಎಂಎಚ್-09 ಕಾರು, ರೇಟು ಚಲೋ ಇತ್ತು. ಆ ಕಡೆಯ ಗಾಡಿ ಸೋವಿ ಅಂದಕೂಡಲೇ ನನಗೆ 2019, 2021ರ ಮಹಾಪೂರ ನೆನಪಾಗ್ತದೆ. ಮಿಸ್ತ್ರಿಯನ್ನ ಕರಕೊಂಡು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋದೆ. ಆತ ಬಾನೆಟ್ ಎತ್ತುವ ಮೊದಲು ಸೀಟ್ ಬೆಲ್ಟನ್ನ ಪೂರ್ತಿ ಹೊರಗೆಳೆದ. ನೀರು ಕುಡಿದ ಗಾಡಿಯಾದರೆ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರ್ತದಂತೆ. ಮಾಲೀಕ ಸೀಟು ತೊಳೆಸ್ತಾನೆ, ಅಷ್ಟುದ್ದ ಬೆಲ್ಟ್ ಯಾರು ಎಳೀತಾರೆ? ಆಮೇಲೆ ಸ್ಟೆಪ್ನಿ ಇಡುವ ಗುಂಡಿಯ ತುಕ್ಕು, ಬಾಗಿಲ ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತು, ಕೊನೆಗೆ ಚಾಸಿ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿದ.

ಗಾಡಿ ಪಾಸಾಯ್ತು. ಕಾಗದದ ಸರದಿ ಬಂದಾಗ ಕಮಿಷನ್ ಏಜೆಂಟರು, “ಒಂದ್ ವರ್ಷ ಹಂಗ ಓಡಸ್ರೀ, ಯಾರೂ ಕೇಳೂದಿಲ್ಲ” ಅಂದರು. ಬೇರೆ ರಾಜ್ಯದ ಗಾಡಿಗೆ ಇರುವ ಆ 12 ತಿಂಗಳ ಸಡಿಲಿಕೆ ಕರ್ನಾಟಕದ ನಂಬರ್ ಪಡೆಯಲಿಕ್ಕೆ. ಹೆಸರು ಬದಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ಯಾಂಕ್ ಸಾಲ ತೀರಿದ್ದಕ್ಕೆ ಫಾರಂ 35, ಕೊಲ್ಹಾಪುರ ಆರ್‌ಟಿಓದಿಂದ ತಕರಾರಿಲ್ಲ ಅನ್ನುವ ಫಾರಂ 28ರ ಎನ್‌ಒಸಿ, ಇವು ಬರುವತನಕ ಸಂಚಕಾರ ಬಿಟ್ಟು ಒಂದು ರೂಪಾಯಿ ಕೊಡೋದಿಲ್ಲ ಅಂದೆ. “ನಂಬಿಕಿ ಇಲ್ಲೇನ್ರೀ ಸರ?” ಅಂತ ಮುಖ ಸಣ್ಣದು ಮಾಡಿದರು. ಮಾಡಲಿ. ನಂಬಿಕೆ ಇಟ್ಟ ಕಾಕಾನ ಜೊತೆ ಎರಡು ವರ್ಷ ಮಾತು ಬಿಟ್ಟವನು ನಾನು.

ಆ ಕಾಕಾ ಮೊನ್ನೆ ತಾವಾಗಿ ಮನೆಗೆ ಬಂದರು. ಮಗನ ಸ್ಕೂಟರ್ ಮಾರ್ತಿದಾರಂತೆ. ಕೈಯಲ್ಲಿ ಖಾಲಿ ಫಾರಂ 29 ಇತ್ತು. ಖುರ್ಚಿ ಮೇಲೆ ಕೂತು, ನನ್ನ ಮುಖ ನೋಡದೇ, “ತಮ್ಮಾ, ಇದರಾಗ ಎಲ್ಲೆಲ್ಲಿ ಏನೇನ್ ತುಂಬಬೇಕು, ಸ್ವಲ್ಪ ಹೇಳ” ಅಂದರು.