ಶಾಲೆ ಬೇಡ, ಸ್ಕೋರು ಬೇಕು

ಮಗುವನ್ನು ಶಾಲೆ ಬಿಡಿಸುವುದು ಹಿಂದೆ ಬಡವರ ಮನೆಯ ಸಂಕಟವಾಗಿತ್ತು. ದನ ಕಾಯಲು, ತಮ್ಮ ತಂಗಿಯನ್ನು ನೋಡಿಕೊಳ್ಳಲು ಬಿಡಿಸುತ್ತಿದ್ದರು. ಮೇಷ್ಟ್ರು ಮನೆತನಕ ಬಂದು ಅಪ್ಪನಿಗೆ ಉಗಿದು ಕರೆದುಕೊಂಡು ಹೋಗುತ್ತಿದ್ದರು. ಈಗ ಬೆಂಗಳೂರಿನ ಕನಕಪುರ ರಸ್ತೆಯ ಹದಿನಾಲ್ಕನೇ ಮಹಡಿಯಲ್ಲಿ ಅದೇ ಕೆಲಸ ಮಾಡಿದರೆ ಅದು ಹೋಮ್‌ಸ್ಕೂಲಿಂಗ್. ಉಗಿಯುವುದಿರಲಿ, ಪಾಡ್‌ಕಾಸ್ಟಿಗೆ ಕರೆದು ಮಾತಾಡಿಸುತ್ತಾರೆ.

ಯಾಕೆ ಬಿಡಿಸಿದಿರಿ ಅಂತ ಕೇಳಿ ನೋಡಿ. ಎಲ್ಲರ ಉತ್ತರವೂ ಹೆಚ್ಚುಕಮ್ಮಿ ಒಂದೇ. ಶಾಲೆಯಲ್ಲಿ ಬರೀ ಮಾರ್ಕ್ಸು, ರ‍್ಯಾಂಕು. ಪಕ್ಕದ ಮಗುವಿನ ಜೊತೆ ಹೋಲಿಕೆ. ರಾಶಿ ಹೋಂವರ್ಕು. ಗಂಟೆ ಹೊಡೆದರೆ ಗಣಿತ, ಮತ್ತೆ ಹೊಡೆದರೆ ಇಂಗ್ಲಿಷು. ಮಗುವಿನ ಕುತೂಹಲ ಸತ್ತೇ ಹೋಗುತ್ತದೆ ಅನ್ನುತ್ತಾರೆ. ಸುಳ್ಳೇನಲ್ಲ. ಫೀಸಿನ ವಿಚಾರ ಯಾರೂ ಎತ್ತುವುದಿಲ್ಲ, ಆದರೆ ಅದೂ ಅಲ್ಲೇ ಎಲ್ಲೋ ಇರುತ್ತದೆ.

ಬಿಡಿಸಿದ ಮೊದಲ ವಾರ ಸ್ವರ್ಗ. ಲಾಲ್‌ಬಾಗು, ಕಬ್ಬನ್ ಪಾರ್ಕು. ಎಲೆ ಆರಿಸಿದರೆ ವಿಜ್ಞಾನ, ಚಪಾತಿ ಹಿಟ್ಟು ಅಳೆದರೆ ಗಣಿತ. ಎರಡನೇ ವಾರ ಊರಿಂದ ದೊಡ್ಡಮ್ಮನ ಫೋನು ಬರುತ್ತದೆ. ‘ಅಲ್ವೇ, ಮಗೂಗೆ ಹದಿಮೂರರ ಮಗ್ಗಿ ಬರುತ್ತೇನೇ?’ ಅಲ್ಲಿಗೆ ಕುತೂಹಲದ ಕಥೆ ಮುಗಿಯಿತು. ಅವತ್ತು ರಾತ್ರಿಯೇ ಗಣಿತಕ್ಕೊಂದು, ಓದಿಗೊಂದು, ಯಾವುದಕ್ಕೂ ಇರಲಿ ಅಂತ ಇನ್ನೊಂದು, ಒಟ್ಟು ಮೂರು ಆ್ಯಪ್‌ಗಳಿಗೆ ದುಡ್ಡು ಕಟ್ಟಿಬಿಡುತ್ತಾರೆ. ಡಾಲರ್ ಲೆಕ್ಕದಲ್ಲಿ.

ಆ್ಯಪ್ ಏನು ಕೊಡುತ್ತದೆ? ಮಾರ್ಕ್ಸ್ ಕೊಡುವುದಿಲ್ಲ, ಛೇ ಛೇ, ಸ್ಕೋರು ಕೊಡುತ್ತದೆ. ರ‍್ಯಾಂಕು ಇಲ್ಲ, ಲೀಡರ್‌ಬೋರ್ಡ್ ಇದೆ. ಹೋಂವರ್ಕು ಇಲ್ಲ, ಡೈಲಿ ಗೋಲ್ ಇದೆ. ಹಾಜರಿ ಪುಸ್ತಕ ಇಲ್ಲ, ಒಂದು ದಿನವೂ ತಪ್ಪದೆ ಎಷ್ಟು ದಿನ ಕೂತಿರಿ ಅಂತ ಎಣಿಸುವ ಸ್ಟ್ರೀಕ್ ಇದೆ. ಗಂಟೆ ಹೊಡೆಯುವ ಜವಾನ ಇಲ್ಲ, ಟಿಂಗ್ ಅನ್ನುವ ನೋಟಿಫಿಕೇಶನ್ ಇದೆ. ಶಾಲೆಗಾದರೂ ಭಾನುವಾರ ರಜೆ ಇತ್ತು. ಈ ಸ್ಟ್ರೀಕಿಗೆ ಗೌರಿ ಹಬ್ಬವೂ ಗೊತ್ತಿಲ್ಲ, ಊರ ಜಾತ್ರೆಯೂ ಗೊತ್ತಿಲ್ಲ. ನನಗೆ ಗೊತ್ತಿರುವ ಒಬ್ಬ ತಾಯಿ ಮದುವೆ ಮನೆಯಲ್ಲಿ, ಎರಡನೇ ಪಂಕ್ತಿಯ ಎಲೆ ಮುಂದೆ ಮಗಳನ್ನು ಕೂರಿಸಿಕೊಂಡು ಐದು ಭಾಗಾಕಾರ ಮಾಡಿಸಿದರು. ಬಡಿಸುವವರು ಕೋಸಂಬರಿ ಹಿಡಿದು ಕಾಯುತ್ತಿದ್ದರು.

ಇದೇ ಊರಲ್ಲಿ 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಕ್ಲಾಸೇ ಬೇಡ ಅಂದಿತ್ತು. ಜಗಳ ಹೈಕೋರ್ಟಿಗೆ ಹೋಯಿತು. ಜುಲೈನಲ್ಲಿ ಸರ್ಕಾರದ ಆ ಆದೇಶಕ್ಕೆ ತಡೆ ಬಿತ್ತು. ಅದೇ ತಿಂಗಳು ಕೇಂದ್ರ ಸರ್ಕಾರ ‘ಪ್ರಜ್ಞಾತಾ’ ಅಂತ ಮಾರ್ಗಸೂಚಿ ಹೊರಡಿಸಿತು. ಒಂದರಿಂದ ಎಂಟನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಕ್ಲಾಸು ಸಾಕು ಅಂತ. ಆಗ ಮಕ್ಕಳ ಕಣ್ಣು, ಕತ್ತು, ಮನಸ್ಸು ಅಂತ ಎಷ್ಟು ಮಾತಾಡಿದೆವು! ಈಗ ಎಂಟು ವರ್ಷದ ಮಗು ಮೂರು ಆ್ಯಪ್ ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ಆದರೆ ಇದು ಕ್ಲಾಸ್ ಅಲ್ಲವಲ್ಲ, ಪ್ರಾಕ್ಟೀಸು.

ಆ ಸ್ಕೋರಿನ ಆಟ ಒಮ್ಮೆ ಹತ್ತಿರದಿಂದ ನೋಡಬೇಕು. ಮಗು ಮೊದಲ ಹತ್ತು ಲೆಕ್ಕ ಸರಿ ಮಾಡಿದರೆ ಸರಸರ ಎಪ್ಪತ್ತು. ಆಮೇಲೆ ಎಂಬತ್ತು, ತೊಂಬತ್ತು. ಅಲ್ಲಿಂದ ಮುಂದೆ ಒಂದು ಸರಿ ಉತ್ತರಕ್ಕೆ ಒಂದೇ ಒಂದು ಅಂಕ. ತೊಂಬತ್ತಾರರಲ್ಲಿ ಮಗು ಅರ್ಧ ಅಂತ ಬರೆಯಬೇಕಾದ ಕಡೆ 0.5 ಅಂತ ಒತ್ತಿತು. ಆ್ಯಪ್‌ಗೆ ಭಿನ್ನರಾಶಿಯೇ ಬೇಕಿತ್ತಂತೆ. ಸ್ಕೋರು ದಬಕ್ಕನೆ ಎಂಬತ್ತೆಂಟಕ್ಕೆ ಬಿತ್ತು. ಮಗು ಅಳುತ್ತಿದೆ. ಪರದೆಯ ಮೇಲೆ ಒಂದು ಪಾಂಡಾ ಕೈ ಬೀಸುತ್ತಾ ‘ತಪ್ಪು ಮಾಡುವುದೂ ಕಲಿಕೆಯೇ!’ ಅನ್ನುತ್ತಿದೆ. ಹಳೇ ಕಾಲದ ಮೇಷ್ಟ್ರು ಕಿವಿ ಹಿಂಡುತ್ತಿದ್ದರು, ನಿಜ. ಆದರೆ ಹಿಂಡುವಾಗ ನಗುತ್ತಿರಲಿಲ್ಲ.

ಮಕ್ಕಳು ಇದಕ್ಕೂ ಮದ್ದು ಕಂಡುಹಿಡಿದಿದ್ದಾರೆ ಬಿಡಿ. ಆ್ಯಪ್ ಮೊದಲು ಒಂದು ಪರೀಕ್ಷೆ ಕೊಟ್ಟು ಮಗು ಯಾವ ಮಟ್ಟದಲ್ಲಿದೆ ಅಂತ ಅಳೆಯುತ್ತದೆ. ಚಾಲಾಕಿ ಮಗು ಅಲ್ಲಿ ಬೇಕಂತಲೇ ಎಲ್ಲ ತಪ್ಪು ಮಾಡುತ್ತದೆ. ಆಮೇಲೆ ಮೂರು ತಿಂಗಳು ಬರೀ ಸುಲಭದ ಲೆಕ್ಕ. ತಿಂಗಳ ಕೊನೆಗೆ ‘ಅದ್ಭುತ ಪ್ರಗತಿ’ ಅಂತ ಅಪ್ಪನಿಗೆ ಮೇಲ್. ಇದಕ್ಕಿಂತ ದೊಡ್ಡ ಗಣಿತ ಏನಿದೆ ಹೇಳಿ.

ಇನ್ನು ಲೆಕ್ಕಗಳು. ಆ್ಯಪ್ ಅಮೆರಿಕದ್ದು, ಹಾಗಾಗಿ ಲೆಕ್ಕವೂ ಅಲ್ಲಿಯದೇ. ಬನಶಂಕರಿಯಲ್ಲಿ ಹುಟ್ಟಿದ ಹುಡುಗಿಗೆ ಐದು ಪೆನಿ ನಾಣ್ಯಕ್ಕೆ ಒಂದು ನಿಕ್ಕಲ್, ಎರಡು ನಿಕ್ಕಲ್‌ಗೆ ಒಂದು ಡೈಮ್ ಅಂತ ಅಲ್ಲಿಯ ಚಿಲ್ಲರೆ ಬಾಯಿಪಾಠ. ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟ ದಿನಗಳನ್ನು ಕೂಡುತ್ತಾಳೆ. ಜ್ವರವನ್ನು, ಮಳೆಯನ್ನು, ಹಾಲನ್ನು ಫ್ಯಾರನ್‌ಹೀಟು, ಇಂಚು, ಗ್ಯಾಲನ್‌ನಲ್ಲಿ ಅಳೆಯುತ್ತಾಳೆ. ನಮ್ಮ ಐವತ್ತರ ನೋಟು ಕೊಟ್ಟು ಸೊಪ್ಪು ತಾ ಅಂದರೆ ಚಿಲ್ಲರೆ ಎಷ್ಟು ಬರಬೇಕು ಅಂತ ಗೊತ್ತಿಲ್ಲ. ಅವಳದೊಬ್ಬಳದೇ ತಪ್ಪಲ್ಲ. ಸೊಪ್ಪಿನ ಗಾಡಿಯಲ್ಲೂ ಈಗ ಕ್ಯೂಆರ್ ಕೋಡ್ ಇದೆ. ದುಡ್ಡು ಬಂತು ಅಂತ ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಚಿಲ್ಲರೆಯ ಮಾತೇ ಇಲ್ಲ.

ಓದಿನ ಆ್ಯಪ್ ಇನ್ನೂ ಒಂದು ಕೈ ಮೇಲು. ಮಗು ಗಟ್ಟಿಯಾಗಿ ಓದಬೇಕು, ಅದು ಕೇಳಿಸಿಕೊಂಡು ತಿದ್ದುತ್ತದೆ. ಮಗು ನಮ್ಮ ಬಾಯಲ್ಲಿ ‘ವಾಟರ್’ ಅಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಮತ್ತೆ ಹೇಳು, ಮತ್ತೆ ಹೇಳು. ಕೊನೆಗೆ ಮಗು ಮೂಗಿನಲ್ಲಿ ‘ವಾಡ್ರ್’ ಅಂದಾಗ ನಕ್ಷತ್ರ ಉದುರುತ್ತದೆ. ಕಥೆ ಮುಗಿದ ಮೇಲೆ ಪ್ರಶ್ನೆ: ನಾಯಿಯ ಬೆಲ್ಟಿನ ಬಣ್ಣ ಯಾವುದು? ಕಥೆಯಲ್ಲಿ ಆ ನಾಯಿ ಕಳೆದುಹೋಗಿ ಹುಡುಗ ಅಳುತ್ತಿದ್ದ. ಅವನ ಬಗ್ಗೆ ಪ್ರಶ್ನೆಯೇ ಇಲ್ಲ. ಕನ್ನಡ ಓದಿಸುತ್ತೀರಾ ಅಂತ ಕೇಳಿದರೆ, ‘ಅದು ಮನೇಲಿ ಹೇಗೂ ಬರುತ್ತಲ್ವಾ’ ಅನ್ನುತ್ತಾರೆ. ಮನೆಯಲ್ಲಿ ಬರುವುದು ಮಾತು. ಒತ್ತಕ್ಷರ ತಾನಾಗಿ ಬಂದಿದ್ದನ್ನು ನಾನಂತೂ ಕಂಡಿಲ್ಲ.

ಇದೆಲ್ಲ ಹೊಸ ಯುಗದ ಕ್ರಾಂತಿ ಅಂತ ನಂಬಿದವರಿಗೆ ಒಂದು ಮಾತು. 1920ರ ದಶಕದಲ್ಲೇ ಅಮೆರಿಕದ ಒಹಾಯೊದಲ್ಲಿ ಸಿಡ್ನಿ ಪ್ರೆಸ್ಸಿ ಅನ್ನುವ ಪ್ರೊಫೆಸರು ಇಂಥ ಯಂತ್ರ ಮಾಡಿದ್ದರು. ಪ್ರಶ್ನೆ ತೋರಿಸುತ್ತದೆ, ಮಗು ಗುಂಡಿ ಒತ್ತುತ್ತದೆ. ಇಷ್ಟು ಉತ್ತರ ಸರಿಯಾದರೆ ಒಂದು ಮಿಠಾಯಿ ಉದುರುವ ಏರ್ಪಾಡೂ ಅದಕ್ಕಿತ್ತು. ಆಮೇಲೆ 1953ರಲ್ಲಿ ಹಾರ್ವರ್ಡಿನ ಬಿ. ಎಫ್. ಸ್ಕಿನ್ನರ್ ಮಗಳ ಗಣಿತದ ಕ್ಲಾಸು ನೋಡಿ ಬೇಸತ್ತು ತಾವೂ ಒಂದು ಕಲಿಕಾ ಯಂತ್ರ ಮಾಡಿದರು. ಪಾರಿವಾಳ, ಇಲಿಗಳನ್ನು ಪಳಗಿಸಿ ಹೆಸರು ಮಾಡಿದವರು ಅವರು. ನೂರು ವರ್ಷದಲ್ಲಿ ನಾವು ಮಾಡಿದ ಸುಧಾರಣೆ ಒಂದೇ. ಪ್ರೆಸ್ಸಿಯ ಮಿಠಾಯಿ ನಿಜವಾದದ್ದು, ಬಾಯಿಗೆ ಹಾಕಿಕೊಳ್ಳಬಹುದಿತ್ತು.

ಹಾಗಂತ ಆ್ಯಪ್‌ಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಕೂಡುವುದು ಕಳೆಯುವುದು ಕೈಗೆ ಹತ್ತಲು ಅಭ್ಯಾಸ ಬೇಕೇ ಬೇಕು. 2024ರಲ್ಲಿ ಲಾರೆನ್ಸ್ ಹೋಲ್ಟ್ ಅನ್ನುವವರು ಅಮೆರಿಕದ ‘ಎಜುಕೇಶನ್ ನೆಕ್ಸ್ಟ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಗಣಿತದ ಆ್ಯಪ್‌ಗಳಿಂದ ಲಾಭವಾಗಿದೆ ಅನ್ನುವ ಅಧ್ಯಯನಗಳನ್ನು ಬಿಡಿಸಿ ನೋಡಿದರೆ, ಆ ಲಾಭ ಹೇಳಿದಷ್ಟು ಹೊತ್ತು ಬಳಸಿದ ಮಕ್ಕಳದ್ದು ಮಾತ್ರ. ಅಂಥವರು ನೂರಕ್ಕೆ ಸುಮಾರು ಐದು. ಉಳಿದ ತೊಂಬತ್ತೈದು ಮಕ್ಕಳು ಲೆಕ್ಕಕ್ಕೇ ಇಲ್ಲ. ದೇವಸ್ಥಾನದ ಹುಂಡಿಗೆ ಹರಕೆ ಫಲಿಸಿದವರು ಮಾತ್ರ ಮತ್ತೆ ಬಂದು ಕಾಣಿಕೆ ಹಾಕುವ ಹಾಗೆ. ಹೇಳಿದಷ್ಟು ಹೊತ್ತು ಅಂದರೆ ಎಷ್ಟು? ಆನ್‌ಲೈನ್ ಪಾಠದ ಖಾನ್ ಅಕಾಡೆಮಿಯವರು ಹೇಳಿದ್ದು ವಾರಕ್ಕೆ 30 ನಿಮಿಷ. ವಾರಕ್ಕೆ! ನಮ್ಮವರು ಅದನ್ನು ಊಟಕ್ಕೆ ಮೊದಲು, ಊಟದ ನಂತರ ಅಂತ ಓದಿಕೊಂಡಿದ್ದಾರೆ.

ಕಾನೂನೂ ಇವರ ತಂಟೆಗೆ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಕಡ್ಡಾಯ ಅನ್ನುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಬಾಯಿ ಬಿಡುವುದಿಲ್ಲ. 14 ತುಂಬಿದರೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ಕಟ್ಟಬಹುದು. ಅಲ್ಲಿ ಮಾತ್ರ ಪೇಪರು, ಪೆನ್ನು, ಬೆಂಚು. ಹಿಂಟ್ ಗುಂಡಿ ಇಲ್ಲ, ಪಾಂಡಾ ಇಲ್ಲ. ಅಷ್ಟೂ ವರ್ಷ ಬೆರಳಿನಿಂದ ಒತ್ತಿದ ಕೈಗೆ ಎರಡನೇ ಪುಟಕ್ಕೇ ನೋವು.

ನಮ್ಮ ಪರಿಚಯದ ಒಂದು ಮನೆಯಲ್ಲಿ ಈಗ ನಡೆಯುತ್ತಿರುವುದನ್ನು ಹೇಳಲೇಬೇಕು. ಅಲ್ಲಿ ತಾತ ಇದ್ದಾರೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದವರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ನಿದ್ದೆಯಲ್ಲೂ ಬರುತ್ತದೆ. ಒಂದು ಸಂಜೆ ಮೊಮ್ಮಗಳು ಕೆಳಗೆ ಜಾರುಬಂಡೆಗೆ ಓಡುವ ಅವಸರದಲ್ಲಿ ಟ್ಯಾಬನ್ನು ಅವರ ಮಡಿಲಿಗೆ ಹಾಕಿ, ‘ತಾತ, ಸ್ಟ್ರೀಕ್ ಹೋಗುತ್ತೆ, ಸುಮ್ನೆ ನಂಬರ್ ಒತ್ತು’ ಅಂದಳು. ತಾತ ಒತ್ತಿದರು. ಹದಿನೈದು ಪರ್ಸೆಂಟು, ಎರಡೂವರೆ ಪರ್ಸೆಂಟು, ಎಲ್ಲ ಕ್ವಿಂಟಲ್ ಲೆಕ್ಕವೇ. ಬಣ್ಣದ ಕಾಗದ ಉದುರಿತು. ತಾತನಿಗೆ ಖುಷಿಯಾಯಿತು. ಮಂಡಿಯಲ್ಲಿ ಯಾವ ಸಾಹುಕಾರನೂ ಹಾಗೆ ಕಾಗದ ಉದುರಿಸಿರಲಿಲ್ಲ. ಮರುದಿನದಿಂದ ಬೆಳಗಿನ ಜಾವ ಅವರೇ ಕೂತರು.

ಭಾನುವಾರ ರಿಪೋರ್ಟ್ ಬಂತು. ನಿಮ್ಮ ಮಗು ಗಣಿತದಲ್ಲಿ ನಾಲ್ಕು ತರಗತಿ ಮುಂದಿದೆ. ಬೆಳಗ್ಗೆ ಐದೂವರೆಗೆ ಅತಿ ಚುರುಕಾಗಿರುತ್ತದೆ. ಇಂಗ್ಲಿಷ್ ಓದಿನಲ್ಲಿ ಮಾತ್ರ ಗಮನ ಬೇಕು. ಸೊಸೆ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರು. ಮಗ ಒಲಿಂಪಿಯಾಡ್ ಕೋಚಿಂಗ್ ಹುಡುಕಿದ. ಆ್ಯಪೇ ಹೇಳಿದ ಮೇಲೆ ಇನ್ನೇನು, ಹುಡುಗಿಯನ್ನು ದಿನಾ ಐದೂವರೆಗೆ ಎಬ್ಬಿಸಿ ಕೂರಿಸತೊಡಗಿದರು. ಟ್ಯಾಬ್ ತಾತನ ಕೈ ತಪ್ಪಿತು.

ತಾತ ಸುಮ್ಮನೆ ಕೂರುವವರಲ್ಲ. ಪಿಂಚಣಿ ದುಡ್ಡಿನಲ್ಲಿ ತಮ್ಮ ಫೋನಿಗೇ ಆ್ಯಪ್ ಹಾಕಿಸಿಕೊಂಡರು. ತರಗತಿ ಯಾವುದು ಅಂತ ಕೇಳಿದಾಗ ಮೂರು ಅಂತ ಒತ್ತಿದರು. ಹೆಸರು ‘ಕಲ್ಪತರು ಟೈಗರ್’. ಈಗ ಲೀಡರ್‌ಬೋರ್ಡಿನಲ್ಲಿ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಮೊನ್ನೆ ಹೋದಾಗ ಸೊಸೆ, ಆಕಳಿಸುತ್ತಿದ್ದ ಮಗಳಿಗೆ ಟ್ಯಾಬ್ ತೋರಿಸಿ ಹೇಳುತ್ತಿದ್ದರು: ‘ನೋಡಿಲ್ಲಿ, ಇವನ್ಯಾರೋ ಕಲ್ಪತರು ಟೈಗರ್ ಅಂತೆ, ನಿನ್ನ ವಯಸ್ಸಿನವನೇ. ದಿನಾ ನಿನಗಿಂತ ಮುಂಚೆ ಎದ್ದು ಲೆಕ್ಕ ಮಾಡ್ತಾನೆ. ಇವನನ್ನ ಹೆತ್ತ ತಾಯಿ ಎಷ್ಟು ಪುಣ್ಯ ಮಾಡಿದ್ದಳೋ!’