ಬೀಗ ಹಾಕಿದ ಮಾಟಗಾತಿ

ಮೊನ್ನೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿ ಬಂದಾಗಿನಿಂದ ತಲೆ ಕೆಟ್ಟಿದೆ. ಊಟ ಚೆನ್ನಾಗಿತ್ತು, ಒಬ್ಬಟ್ಟು ಇನ್ನೂ ಚೆನ್ನಾಗಿತ್ತು. ನನ್ನ ತಕರಾರು ಹಾಲ್‌ನಲ್ಲಿದ್ದ ಶೋಕೇಸ್ ಮೇಲೆ. ಗೋಡೆ ಅಗಲದ ಗಾಜಿನ ಬೀರು. ಒಳಗೆ ಮಕ್ಕಳ ಫ್ಯಾಂಟಸಿ ಪುಸ್ತಕಗಳ ಪೂರಾ ಸೆಟ್‌ಗಳು. ಡ್ರ್ಯಾಗನ್, ಮಾಟಗಾತಿ, ಮಾತಾಡುವ ಸಿಂಹ, ಯಾವುದೂ ಬಾಕಿ ಇಲ್ಲ. ಅಂಗಡಿಯ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಬಣ್ಣ ನೋಡಿ ಜೋಡಿಸಿದ್ದಾರೆ, ನೀಲಿ ಮೇಲೆ, ಕೆಂಪು ಕೆಳಗೆ. ಪಕ್ಕದಲ್ಲಿ ಮಗ ಫಾರಿನ್‌ನಿಂದ ತಂದ ಫ್ಲೇವರ್ಡ್ ಟೀ ಡಬ್ಬಿಗಳು. ಅವುಗಳ ಸೀಲೂ ಒಡೆದಿಲ್ಲ. ಎಲ್ಲಕ್ಕೂ ಸೇರಿಸಿ ಒಂದು ಬೀಗ.

ಒಂದು ಹುಡುಗಿ, ನಾಲ್ಕನೇ ಕ್ಲಾಸ್ ಇರಬಹುದು, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಉಸಿರಿಗೆ ಗಾಜು ಮಸುಕಾದರೆ ಹೊಸ ರೇಷ್ಮೆ ಲಂಗದಲ್ಲೇ ಒರೆಸಿ ಮತ್ತೆ ನೋಡುವಳು.

"ಅಂಕಲ್, ಒಂದೇ ಒಂದು ಓದ್ಲಾ? ಇಲ್ಲೇ ಕೂತ್ಕೊಂಡು?"

"ಅದು ಸೆಟ್ ಕಣಮ್ಮ. ಒಂದು ತೆಗೆದ್ರೆ ಸೆಟ್ ಹಾಳಾಗುತ್ತೆ. ಹೋಗು, ಅಲ್ಲಿ ಐಸ್‌ಕ್ರೀಮ್ ಕೊಡ್ತಿದ್ದಾರೆ."

ಸೆಟ್ ಹಾಳಾಗುತ್ತಂತೆ! ಸ್ವಾಮಿ, ಅದು ಸೋಫಾ ಸೆಟ್ಟಾ?

ಶನಿವಾರ ಸಂಜೆ ನಮ್ಮ ಮನೆ ಜಗಲಿ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಚಪ್ಪಲಿ ರಾಶಿ, ಪುಸ್ತಕದ ರಾಶಿ, ಒಲೆ ಮೇಲೆ ದೊಡ್ಡ ಪಾತ್ರೆ ಟೀ. ಮಕ್ಕಳು ಪುಸ್ತಕ ಬದಲಾಯಿಸಿಕೊಳ್ಳುತ್ತಾರೆ, ಕರೆದುಕೊಂಡು ಬಂದ ಅಮ್ಮಂದಿರು, ತಾತಂದಿರು ಟೀ ಕುಡಿಯುತ್ತಾರೆ. ಮಕ್ಕಳಿಗೆ ಬಾದಾಮಿ ಹಾಲು. ಆದರೂ ಅವರೆಲ್ಲ ನನ್ನನ್ನ ಕರೆಯೋದು 'ಟೀ ಆಂಟಿ' ಅಂತಲೇ. ಇಷ್ಟು ಪುಸ್ತಕ ಕೊಟ್ಟು ಕೊನೆಗೆ ಸಿಕ್ಕ ಬಿರುದು ಇದು.

ಟೀ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳೇ. ಶುಂಠಿ ಜಜ್ಜಿ ಮೊದಲು ನೀರಿಗೆ ಹಾಕಿ ಚೆನ್ನಾಗಿ ಕುದಿಸಬೇಕು, ಹಾಲು ಆಮೇಲೆ. ಹಸಿ ಶುಂಠಿ ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುವ ಭಯ. ಬೆಲ್ಲದ ಟೀ ಆದರೆ ಒಲೆ ಆರಿಸಿದ ಮೇಲೆ ಬೆಲ್ಲ. ಮಳೆ ಇದ್ದರೆ ಮೆಣಸು, ಲವಂಗ, ಚಕ್ಕೆ. ಬಿಸಿಲಿದ್ದರೆ ಹಿತ್ತಲಿನ ನಿಂಬೆಹುಲ್ಲು. ದಾಸವಾಳದ ಟೀ ಒಮ್ಮೆ ಮಾಡಿದ್ದೆ, ಬಣ್ಣ ನೋಡಿ ಮಕ್ಕಳು ಮಾಟಗಾತಿಯ ಕಷಾಯ ಅಂತ ಹೆಸರಿಟ್ಟರು. ತಾತ ಒಬ್ಬರು ನನ್ನ ಮಾತು ಕೇಳದೆ ಅದಕ್ಕೆ ಹಾಲು ಹಾಕಿಕೊಂಡರು. ಹುಳಿ ಅಲ್ವಾ, ಲೋಟದಲ್ಲೇ ಒಡೆಯಿತು. ಮಕ್ಕಳ ಪಾಲಿಗೆ ಅದು ಮ್ಯಾಜಿಕ್.

ಅವತ್ತು ಮಕ್ಕಳು ಓದುತ್ತಿದ್ದದ್ದು ಆಲಿಸ್ ಕತೆ, ಇಂಗ್ಲಿಷಿನ 'ಆಲಿಸ್ ಇನ್ ವಂಡರ್‌ಲ್ಯಾಂಡ್'. 1865ರ ಪುಸ್ತಕ. ನಮ್ಮ ನಾ. ಕಸ್ತೂರಿಯವರು ಅದನ್ನ 'ಪಾತಾಳದಲ್ಲಿ ಪಾಪಚ್ಚಿ' ಮಾಡಿ ಕನ್ನಡದ ಮಕ್ಕಳ ಕೈಗಿಟ್ಟಿದ್ದಾರೆ. ಅದರಲ್ಲಿ ಹುಚ್ಚು ಟೀ ಪಾರ್ಟಿ ಬರುತ್ತೆ. ಟೋಪಿಯವನಿಗೆ ಗಡಿಯಾರ ಆರು ಗಂಟೆಗೇ ನಿಂತುಬಿಟ್ಟಿದೆ. ಯಾವಾಗಲೂ ಟೀ ಟೈಮ್, ಲೋಟ ತೊಳೆಯಲು ಪುರುಸೊತ್ತೇ ಇಲ್ಲ. ಒಂದು ಲೋಟ ಗಲೀಜಾದರೆ ಪಕ್ಕದ ಕುರ್ಚಿಗೆ ಜರುಗೋದು. ಆರು ವರ್ಷದ ಹುಡುಗ ಕೇಳಿದ: "ಸುತ್ತು ಮುಗಿದು ಮೊದಲ್ನೇ ಕುರ್ಚಿಗೆ ವಾಪಸ್ ಬಂದ್ರೆ?" ಮಜಾ ಏನಂದರೆ, ಪುಸ್ತಕದಲ್ಲಿ ಆಲಿಸ್ ಕೇಳುವುದೂ ಇದೇ ಪ್ರಶ್ನೆ, ಅವಳಿಗೂ ಅವರು ಉತ್ತರ ಕೊಡದೆ ಮಾತು ಬದಲಿಸುತ್ತಾರೆ. ಈ ಹುಡುಗನಿಗೆ ಇನ್ನೂ ಓದಲು ಬರಲ್ಲ, ಪಕ್ಕದವಳು ಓದಿ ಹೇಳುತ್ತಿದ್ದಳು. ಪ್ಲಾಸ್ಟಿಕ್ ಒಳಗಿದ್ದಿದ್ದರೆ ಆ ಪ್ರಶ್ನೆ ಎಲ್ಲಿಂದ ಹುಟ್ಟಬೇಕಿತ್ತು?

ನಮ್ಮ ಕಾಲದಲ್ಲಿ ಚಂದಮಾಮ ಯಾರ ಸ್ವತ್ತಾಗಿತ್ತು ಹೇಳಿ? 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದದ್ದು. ಕೋಲಾರದಲ್ಲಿ ಅಜ್ಜಿಗೆ ತೆಲುಗು, ಮೊಮ್ಮಗಳಿಗೆ ಕನ್ನಡ, ಒಂದೇ ಬೀದಿಯಲ್ಲಿ ಎರಡೂ ಸುತ್ತುತ್ತಿದ್ದವು. ನಮ್ಮ ಮನೆಗೆ ಬರುವ ಹೊತ್ತಿಗೆ ರಟ್ಟು ಇರುತ್ತಿರಲಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಶಂಕರ್ ಅವರು ಬರೆದ ಆ ವಿಕ್ರಮನ ಚಿತ್ರ ಇರುತ್ತಲ್ಲ, ಅವನಿಗೆ ಯಾರೋ ಪೆನ್ನಲ್ಲಿ ಕನ್ನಡಕ ಹಾಕಿರುತ್ತಿದ್ದರು. ಬೇತಾಳನ ಕತೆ ಅದರಿಂದೇನೂ ಕಮ್ಮಿಯಾಗಲಿಲ್ಲ.

"ಕೊಟ್ಟ ಪುಸ್ತಕ ವಾಪಸ್ ಬರಲ್ಲ, ಬಂದರೂ ಹರಿದು ಬರುತ್ತೆ" ಅಂತೀರಿ. ಗೊತ್ತು. ನನ್ನ ಪುಸ್ತಕಗಳ ಮೇಲೆ ಟೀ ಕಲೆ ಇದೆ, ಮಾವಿನ ಸೀಸನ್‌ನಲ್ಲಿ ಮಾವಿನ ರಸವೂ ಇದೆ. ಶ್ರೀನಿವಾಸಪುರದ ಹಣ್ಣು ಕೈಯಲ್ಲಿಟ್ಟು ಪುಸ್ತಕ ಕ್ಲೀನಾಗಿರಬೇಕು ಅಂದರೆ ಹೇಗೆ? ಹರಿದರೆ ಮೈದಾ ಗೋಂದು ಇದೆ. ಕಳೆದರೆ ಯಾರೋ ಓದುತ್ತಿದ್ದಾರೆ ಅಂತ ಅರ್ಥ. ಬೀಗ ಹಾಕಿಟ್ಟು ಏನು ಉಳಿಸಿದಿರಿ? ಒಂಬತ್ತು ವರ್ಷದ ಹುಡುಗಿ ಮುಂದಿನ ವರ್ಷ ಹತ್ತು. ಆಮೇಲೆ ಟ್ಯೂಷನ್ನು, ಆಮೇಲೆ ಮೊಬೈಲು. ಆಗ ನೀವೇ ಪ್ಲಾಸ್ಟಿಕ್ ಬಿಚ್ಚಿ ಕೊಟ್ಟರೂ "ಬೇಡ ಅಂಕಲ್" ಅಂತಾಳೆ.

ಇನ್ನೊಂದು ಜಾತಿ ಇದೆ. "ಇದೆಲ್ಲ ಸುಳ್ಳು ಕತೆ, ಜನರಲ್ ನಾಲೆಡ್ಜ್ ಓದಿಸಿ ಮೇಡಂ." ಓಹೋ. ನಮ್ಮೂರ ಕೋಲಾರಮ್ಮನ ಗುಡಿಯಲ್ಲಿ ಚೇಳು ಕಚ್ಚದಿರಲಿ ಅಂತ ಚೇಳಮ್ಮನಿಗೆ ಕೈ ಮುಗಿದು, ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕುವವರು ನಾವು. ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಮಕ್ಕಳನ್ನ ಆವನಿ ಬೆಟ್ಟ ಹತ್ತಿಸುವವರೂ ನಾವೇ. ಕುವೆಂಪು ಅವರ ಕಿಂದರಿಜೋಗಿ ಬಾಯಿಪಾಠ ಮಾಡಿ ಮಗಳು ಸ್ಟೇಜ್ ಹತ್ತಿದರೆ ಮೊದಲ ಸಾಲಲ್ಲಿ ವಿಡಿಯೋ ಮಾಡುವವರು ಇದೇ ಜನ. ಆ ಇಲಿಗಳೆಲ್ಲ ಜನರಲ್ ನಾಲೆಡ್ಜಾ?

ನಿಜ ಹೇಳಬೇಕಂದ್ರೆ ಕೋಪದಲ್ಲಿ ಅರ್ಧ ಹೊಟ್ಟೆಕಿಚ್ಚು. ಆ ಡಬ್ಬಿಗಳಲ್ಲಿ ಒಂದು ಅರ್ಲ್ ಗ್ರೇ ಇತ್ತು. ಕಿತ್ತಳೆ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆ ಎಣ್ಣೆಯ ಘಮ ಅದಕ್ಕೆ. ನನಗೆ ಪ್ರಾಣ. ಡಬ್ಬಿ ತಳದಲ್ಲಿ ತಾರೀಖು ನೋಡೋಣ ಅಂತ ಬಗ್ಗಿದೆ, ಗಾಜಿನ ಆಚೆಯಿಂದಲೂ ಕಾಣುತ್ತಿತ್ತು, ಯಾವತ್ತೋ ಮುಗಿದಿದೆ. ಅಷ್ಟರಲ್ಲಿ ನನಗೆ ಪೇಪರ್ ಕಪ್‌ನಲ್ಲಿ ಟೀ ಬಂತು. ಏಲಕ್ಕಿಯ ಹೆಸರೂ ಇಲ್ಲ. ಬರೀ ಸಕ್ಕರೆ.

ಆ ಹುಡುಗಿಯ ಅಮ್ಮನಿಗೆ ನಮ್ಮ ಮನೆ ದಾರಿ ಹೇಳಿ ಬಂದಿದ್ದೇನೆ.

ಅಂದಹಾಗೆ, ಆ ಹಸಿರು ರಟ್ಟಿನ ಡ್ರ್ಯಾಗನ್ ಕತೆಯ ಎರಡನೇ ಭಾಗ ಯಾರ ಮನೆಯಲ್ಲಿದೆ? ಮೂರನೇದು ಕೈಯಲ್ಲಿಟ್ಟುಕೊಂಡು ಒಬ್ಬ ಕೂತಿದ್ದಾನೆ, ಎರಡನೇದು ಓದದೆ ಮುಟ್ಟಲ್ಲವಂತೆ. ಹರಿದಿದ್ದರೂ ಪರವಾಗಿಲ್ಲ, ತಂದುಕೊಡಿ, ಬೈಯಲ್ಲ. ಟೀ ನನ್ನ ಲೆಕ್ಕ. ಶುಂಠಿದಾ, ನಿಂಬೆಹುಲ್ಲಿನದಾ ಅಂತ ಮೊದಲೇ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ ಇಡಲು ನನ್ನ ಕೈಲಾಗಲ್ಲ.